ಭಯಾನಕರಸವೂ ಆಧುನಿಕ ರಸಿಕಸಮಾಜವೂ

ಭಯವೆಂಬುದು ದುಃಖಜನಕವಾದ ಭಾವ. ಲೋಕದಲ್ಲಿ ಎಲ್ಲರೂ ಅದರಿಂದ ದೂರ ಸರಿಯಲು ಯತ್ನಿಸುವರೇ ಹೊರತು ಹಣ ತೆತ್ತು ಅದನ್ನು ಅರಸಿಕೊಂಡು ಹೋಗುವುದಿಲ್ಲ. ಹೀಗಿದ್ದರೂ ಯೂರೋಪು ಅಮೆರಿಕಗಳಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಅಸಂಖ್ಯಾತ ಜನರು ಕತ್ತಲೆಯ ಚಿತ್ರಮಂದಿರಗಳಲ್ಲಿ ಕುಳಿತು ಪ್ರೇತ, ರಕ್ತಪಿಶಾಚಿ, ವಿಕೃತಮಾನವ ಮೊದಲಾದವುಗಳ ಚಲಚ್ಚಿತ್ರಗಳನ್ನು ನೋಡಿ ಸಂತೋಷಪಡುತ್ತ ಬಂದಿರುವರು. ಅದೇ ವಸ್ತುವುಳ್ಳ ಕಾಮಿಕ್ ಪುಸ್ತಕಗಳನ್ನು ಸಂಗ್ರಹಿಸಿ, ಸಂಘಗಳನ್ನು ಕಟ್ಟಿ, ಪತ್ರಿಕೆಗಳನ್ನು ನಡೆಸಿ, ವರ್ಷಕ್ಕೊಮ್ಮೆ ಒಂದೆಡೆ ನೆರೆದು ಚರ್ಚಿಸುವರು. ಇದನ್ನು ವಿದ್ವಾಂಸರು ಬಾಲಿಶವೆಂದೋ ರುಚಿವೈಕಲ್ಯವೆಂದೋ ತಳ್ಳಿಬಿಡುವುದುಂಟು. ಈ ತೀರ್ಪು ನ್ಯಾಯವಾದುದೇ? ಈ ಜನರು ಅನುಭವಿಸುವುದು ಲೌಕಿಕವಾದ ಭಯವೇ, ಅಥವಾ ಭರತಮುನಿಯು ಹೇಳಿದ ಭಯಾನಕರಸವೇ? ಇದು ವಿಚಾರಾರ್ಹವಾದ ವಿಷಯ.

ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ಹೇಳಿರುವ ಎಂಟು ರಸಗಳಲ್ಲಿ ಭಯಾನಕ ಬೀಭತ್ಸಗಳೆರಡೂ ಸೇರಿವೆ. ವಿಕಾರವಾದ ಶಬ್ದ, ಭೂತದರ್ಶನ, ನರಿ ಗೂಬೆಗಳ ಕೂಗು, ಶೂನ್ಯಗೃಹ, ಅರಣ್ಯ ಮೊದಲಾದವು ಭಯಾನಕಕ್ಕೆ ವಿಭಾವಗಳು. ಕೈಕಾಲುಗಳ ನಡುಕ, ಕಣ್ಣುಗಳ ಚಾಂಚಲ್ಯ, ರೋಮಾಂಚ, ಸ್ವರಭೇದ ಇವು ಅನುಭಾವಗಳು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಲಿವುಡ್ಡಿನ ಹಳೆಯ ಭಯಾನಕಚಿತ್ರವೊಂದನ್ನು ನೋಡಿದರೆ, ಮುನಿಯು ಅದನ್ನೇ ಕಂಡು ಬರೆದನೋ ಎಂಬಂತೆ ತೋರುವುದು. ಆದರೆ ಭಯವು ಸ್ತ್ರೀಯರಿಗೂ ನೀಚಪ್ರಕೃತಿಗಳಿಗೂ ಸಹಜವೆಂದು ಭರತನು ಹೇಳಿದನು. ಈ ಮಾತು ಪಾತ್ರಗಳನ್ನು ಕುರಿತದ್ದು, ಸಾಮಾಜಿಕರನ್ನು ಕುರಿತದ್ದಲ್ಲ. ಇದನ್ನು ವಿವೇಚಿಸದೆ, ಪಾತ್ರದ ನೀಚತ್ವವನ್ನು ಪ್ರೇಕ್ಷಕನ ಮೇಲೆ ಆರೋಪಿಸಿ, ಭಯಾನಕವನ್ನು ಸವಿಯುವವನೂ ಹೀನರುಚಿಯವನೆಂದು ಭಾವಿಸುವುದು ಪ್ರಮಾದ.

ಈ ಪ್ರಮಾದಕ್ಕೆ ಪರಿಹಾರವನ್ನು ಅಭಿನವಗುಪ್ತನೇ ಒದಗಿಸಿರುವನು. ರಸಪ್ರತೀತಿಯ ಸ್ವರೂಪವನ್ನು ವಿವರಿಸುವಾಗ ಆತನು ಮೊದಲು ಆರಿಸಿಕೊಂಡ ಉದಾಹರಣೆ ಶೃಂಗಾರದ್ದಲ್ಲ, ಭಯಾನಕದ್ದು: ಶಾಕುಂತಲದ ಪ್ರಥಮಾಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ, ಕೊರಳನ್ನು ಹಿಂತಿರುಗಿಸಿ ನೋಡುತ್ತ ಓಡುವ ಜಿಂಕೆ. ಅಲ್ಲಿ ಸಹೃದಯನಿಗೆ ‘ನಾನು ಹೆದರಿದೆನು’ ಎಂದಾಗಲಿ ‘ಇದು ಹೆದರಿತು’ ಎಂದಾಗಲಿ ತೋರುವುದಿಲ್ಲ. ದೇಶಕಾಲಗಳ ಸೋಂಕಿಲ್ಲದ ಭಯವೊಂದೇ ಹೃದಯವನ್ನು ಹೊಕ್ಕಂತೆ, ಕಣ್ಣೆದುರಿಗೆ ಸುಳಿದಂತೆ ಭಾಸವಾಗುವುದು. ಭಯವು ಸ್ವಗತವಾದರೆ ಓಡಿಹೋಗಬೇಕೆನಿಸುವುದು. ಪರಗತವಾದರೆ ಉದಾಸೀನತೆ ಬರುವುದು. ಎರಡೂ ರಸವಿಘ್ನಗಳೇ. ಈ ವಿಘ್ನವನ್ನು ಕಳೆಯುವುದಕ್ಕಾಗಿಯೇ ಪೂರ್ವರಂಗವೂ ಪ್ರಸ್ತಾವನೆಯೂ ಇವೆಯೆಂದು ಆತನ ಅಭಿಪ್ರಾಯ.

1931ರಲ್ಲಿ ಜೇಮ್ಸ್ ವೇಲ್ ಎಂಬಾತನು ನಿರ್ದೇಶಿಸಿದ ‘ಫ್ರ್ಯಾಂಕೆನ್‌ಸ್ಟೈನ್’ ಚಿತ್ರವನ್ನು ಈ ದೃಷ್ಟಿಯಿಂದ ಪರೀಕ್ಷಿಸಬಹುದು. ಕಥೆಯು ಮೇರಿ ಶೆಲ್ಲಿಯ 1818ರ ಕಾದಂಬರಿಯನ್ನು ಆಶ್ರಯಿಸಿದೆ. ಚಿತ್ರದ ಮೊದಲಲ್ಲಿ ನಟನೊಬ್ಬನು ತೆರೆಯ ಮುಂದೆ ಬಂದು, ಮುಂದೆ ಬರುವುದು ಭೀತಿಕರವಾದ ಕಥೆಯೆಂದು ಪ್ರೇಕ್ಷಕರಿಗೆ ಎಚ್ಚರಿಕೆ ಕೊಟ್ಟು ಮರೆಯಾಗುವನು. ಇವನು ಸೂತ್ರಧಾರನಲ್ಲದೆ ಮತ್ತಾರು? ಭರತನ ಹೆಸರನ್ನು ಅರಿಯದಿದ್ದರೂ ಆ ಚಿತ್ರಕಾರರು ಪ್ರಸ್ತಾವನೆಯ ಪ್ರಯೋಜನವನ್ನು ಅರಿತಿದ್ದರು. ಮುಂದಿನದು ನಾಟ್ಯವೆಂದು ತಿಳಿದ ಪ್ರೇಕ್ಷಕನು ನಿಶ್ಚಿಂತನಾಗಿ ಭಯಕ್ಕೆ ಮನಸ್ಸನ್ನು ಒಪ್ಪಿಸುವನು.

ಇದೇ ಚಿತ್ರದ ಸರೋವರದ ದೃಶ್ಯವು ಇನ್ನೂ ಸೂಕ್ಷ್ಮವಾದುದು. ಬೋರಿಸ್ ಕಾರ್ಲಾಫ್ ಅಭಿನಯಿಸಿದ ವಿಕೃತಮಾನವನು ಒಬ್ಬ ಪುಟ್ಟ ಹುಡುಗಿಯೊಡನೆ ದಡದಲ್ಲಿ ಕುಳಿತು ಹೂಗಳನ್ನು ನೀರಿನಲ್ಲಿ ತೇಲಿಬಿಡುತ್ತ ಆಡುವನು. ಹೂಗಳು ಮುಗಿದಾಗ, ಮಗುವೂ ತೇಲುವುದೆಂದು ನಂಬಿ ಅವಳನ್ನೇ ನೀರಿಗೆ ಎಸೆಯುವನು. ಮುಳುಗಿದುದನ್ನು ಕಂಡು ದಿಗ್ಭ್ರಾಂತನಾಗುವನು. ಇಲ್ಲಿ ಭಯಾನಕವು ಅಂಗವಾಗಿ ಕರುಣವು ಅಂಗಿಯಾಗುವುದು. ಆದರೆ ಪರಿಶೋಧಕರು ಇದನ್ನು ಕ್ರೂರವೆಂದೆಣಿಸಿ ಎಸೆಯುವ ಭಾಗವನ್ನು ಕತ್ತರಿಸಿದರು. ಬಹುಕಾಲ ಪ್ರಚಾರದಲ್ಲಿದ್ದ ಪ್ರತಿಗಳಲ್ಲಿ ಅವನು ಮಗುವಿನ ಕಡೆಗೆ ಕೈನೀಡುವಲ್ಲಿಗೇ ದೃಶ್ಯವು ಮುಗಿಯುತ್ತಿತ್ತು. ಅನಂತರ ತಂದೆಯು ಮಗುವಿನ ಶವವನ್ನೆತ್ತಿಕೊಂಡು ಬರುವನು. ನಡುವೆ ನಡೆದುದೇನೆಂದು ಪ್ರೇಕ್ಷಕನು ಊಹಿಸಿಕೊಳ್ಳಬೇಕಾಗಿ, ಊಹೆಯು ಅತಿ ಜುಗುಪ್ಸಿತವಾದ ದಾರಿಯನ್ನೇ ಹಿಡಿಯಿತು. ಮುಗ್ಧತೆಯಿಂದಾದ ಅನರ್ಥವು ದುಷ್ಟತನದಂತೆ ಕಂಡಿತು. ಕರುಣವು ಹೋಗಿ ಬೀಭತ್ಸವು ಉಳಿಯಿತು. 1980ರ ದಶಕದಲ್ಲಿ ಕತ್ತರಿಸಿದ ಭಾಗವನ್ನು ಮರಳಿ ಸೇರಿಸಿದ ಮೇಲೆಯೇ ಕೃತಿಯ ರಸವು ಸ್ವಸ್ಥಾನಕ್ಕೆ ಬಂದಿತು. ನೀತಿಯನ್ನು ಕಾಯಹೊರಟವರು ರಸಜ್ಞರಲ್ಲದಿದ್ದರೆ ನೀತಿಯನ್ನೂ ಕೆಡಿಸುವರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹೇಳದೆ ಬಿಡುವುದೆಲ್ಲವೂ ದೋಷವೆಂದು ಇದರಿಂದ ತಿಳಿಯಬಾರದು. 1942ರಲ್ಲಿ ವ್ಯಾಲ್ ಲ್ಯೂಟನ್ ನಿರ್ಮಿಸಿ ಜ್ಯಾಕ್ ಟೂರ್ನೂರ್ ನಿರ್ದೇಶಿಸಿದ ‘ಕ್ಯಾಟ್ ಪೀಪಲ್’ ಎಂಬ ಚಿತ್ರದಲ್ಲಿ ಈಜುಕೊಳದಲ್ಲಿ ಒಂಟಿಯಾಗಿರುವ ಹೆಂಗಸಿನ ಸುತ್ತ ನೀರಿನ ಬೆಳಕು ಗೋಡೆಯ ಮೇಲೆ ಅಲೆಯಾಡುವುದು, ನೆರಳೊಂದು ಸುಳಿಯುವುದು, ಮೃಗದ ಗುರುಗುಟ್ಟುವಿಕೆ ಕೇಳುವುದು. ದೀಪ ಹಚ್ಚಿದಾಗ ಮೃಗವಿಲ್ಲ. ಹರಿದ ನಿಲುವಂಗಿಯೊಂದು ಬಿದ್ದಿರುವುದು. ಆನಂದವರ್ಧನನು ಪ್ರತಿಪಾದಿಸಿದ ವ್ಯಂಜನಾವ್ಯಾಪಾರವು ಇಲ್ಲಿ ಸಮರ್ಥವಾಗಿದೆ. ವೇಲನ ಚಿತ್ರದಲ್ಲಿ ಪರಿಶೋಧಕನ ಕತ್ತರಿಯು ತಂದಿಟ್ಟ ಮೌನವು ಅರ್ಥವನ್ನು ಕೆಡಿಸಿತು. ಟೂರ್ನೂರನು ಬುದ್ಧಿಪೂರ್ವಕವಾಗಿ ಇಟ್ಟ ಮೌನವು ಅರ್ಥವನ್ನು ಬೆಳಗಿತು.

ಇನ್ನು ಕಾಮಿಕ್ ಪುಸ್ತಕಗಳ ವಿಚಾರ. ವಿಲಿಯಂ ಗೇನ್ಸನ ಇ.ಸಿ. ಸಂಸ್ಥೆಯು 1950ರಿಂದ ‘ಟೇಲ್ಸ್ ಫ್ರಂ ದಿ ಕ್ರಿಪ್ಟ್’ ಮೊದಲಾದ ಭಯಾನಕಮಾಲಿಕೆಗಳನ್ನು ಹೊರಡಿಸಿತು. ಪ್ರತಿ ಕಥೆಯನ್ನೂ ವಿಕಾರರೂಪದ ನಿರೂಪಕನೊಬ್ಬನು ಹಾಸ್ಯೋಕ್ತಿಗಳಿಂದ ಆರಂಭಿಸಿ ಹಾಸ್ಯೋಕ್ತಿಗಳಿಂದಲೇ ಮುಗಿಸುವನು. ಸೂತ್ರಧಾರ ವಿದೂಷಕರಿಬ್ಬರೂ ಒಂದೇ ದೇಹವನ್ನು ಹೊಕ್ಕಂತೆ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಎಂಬಾತನು, ಇಂತಹ ಪುಸ್ತಕಗಳಿಂದ ಬಾಲಕರು ಕೆಡುವರೆಂದು ಗ್ರಂಥವೊಂದನ್ನು ಪ್ರಕಟಿಸಿದನು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿಯು ಗೇನ್ಸನನ್ನು ವಿಚಾರಿಸಿತು. ಕೊಡಲಿ ಹಿಡಿದವನು ಸ್ತ್ರೀಯ ಕಡಿದ ತಲೆಯನ್ನು ಎತ್ತಿಹಿಡಿದ ಮುಖಚಿತ್ರವೊಂದನ್ನು ತೋರಿಸಿ ಇದು ಸುರುಚಿಯೇ ಎಂದು ಕೇಳಿದಾಗ, ಭಯಾನಕಪುಸ್ತಕದ ಮುಖಪುಟಕ್ಕೆ ಇದು ಸುರುಚಿಯೇ, ಕೊರಳಿನಿಂದ ರಕ್ತ ತೊಟ್ಟಿಕ್ಕುವುದು ಕಾಣುವಂತೆ ತಲೆಯನ್ನು ಮೇಲೆತ್ತಿದ್ದರೆ ಕುರುಚಿಯಾಗುತ್ತಿತ್ತು ಎಂಬರ್ಥದ ಉತ್ತರವನ್ನು ಅವನು ಕೊಟ್ಟನು.

ಈ ಉತ್ತರವು ಲೋಕದ ಪರಿಹಾಸ್ಯಕ್ಕೆ ಗುರಿಯಾಯಿತು. ಆದರೆ ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದವರಿಗೆ ಇದು ನಗೆಗೀಡಾದ ಮಾತಾಗಿ ತೋರದು. ಒಂದು ಪ್ರಭೇದದೊಳಗೆ ಉಚಿತವಾದುದು ಬೇರೊಂದರಲ್ಲಿ ಅನುಚಿತ, ಬೀಭತ್ಸದಲ್ಲಿಯೂ ಎಲ್ಲೆಯುಂಟು. ಗೇನ್ಸನ ವಾದದ ದೌರ್ಬಲ್ಯವು ಬೇರೆ ಕಡೆ ಇದೆ. ಪುಸ್ತಕದ ಒಳಗೆ ನಿರೂಪಕನಿರುವನು, ಪ್ರಸ್ತಾವನೆಯಿದೆ. ಅಂಗಡಿಯಲ್ಲಿ ತೂಗುವ ಮುಖಪುಟಕ್ಕೆ ಯಾವ ಪ್ರಸ್ತಾವನೆಯೂ ಇಲ್ಲ. ಬಯಸಿ ಬಂದ ರಸಿಕನಿಗೂ ಹಾಲು ಕೊಳ್ಳಲು ಬಂದ ಮಗುವಿಗೂ ಅದು ಒಂದೇ ಬಗೆಯಾಗಿ ಎದುರಾಗುವುದು. ದೋಷವು ಅಧಿಕಾರಿಭೇದವನ್ನು ಗಣಿಸದಿದ್ದುದರಲ್ಲಿತ್ತು, ಭಯಾನಕದಲ್ಲಿರಲಿಲ್ಲ. ಆದರೂ ಆ ವರ್ಷವೇ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ ನಿಯಮಾವಳಿಯು ಶೀರ್ಷಿಕೆಗಳಲ್ಲಿ ಭಯವಾಚಕಪದಗಳನ್ನೂ ಕಥೆಗಳಲ್ಲಿ ರಕ್ತಪಿಶಾಚಿ ಮೊದಲಾದವುಗಳನ್ನೂ ನಿಷೇಧಿಸಿತು; 1971ರಲ್ಲಿ ಸಡಿಲವಾಗಿ, 2011ರಲ್ಲಿ ಉಳಿದ ಪ್ರಕಾಶಕರೂ ಬಿಟ್ಟುಬಿಡಲು ಅದು ಕೊನೆಗಂಡಿತು. ವರ್ಥಮನು ತನ್ನ ಸಾಕ್ಷ್ಯಗಳನ್ನು ವಾದಕ್ಕೆ ಅನುಕೂಲವಾಗುವಂತೆ ಮಾರ್ಪಡಿಸಿದ್ದನೆಂಬುದನ್ನು ಕ್ಯಾರಲ್ ಟಿಲ್ಲೀ ಎಂಬ ವಿದುಷಿಯು ಅವನ ಕಾಗದಪತ್ರಗಳನ್ನು ಶೋಧಿಸಿ 2012ರಲ್ಲಿ ಪ್ರಕಟಿಸಿದಳು.

ರಸಿಕರ ಸಮಾಜವು ಇಷ್ಟರಲ್ಲಿ ಅಳಿಯಲಿಲ್ಲ. 1958ರಲ್ಲಿ ಫಾರೆಸ್ಟ್ ಆಕರ್‌ಮನ್ ಎಂಬಾತನ ಸಂಪಾದಕತ್ವದಲ್ಲಿ ಹೊರಟ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆಯು ಹಳೆಯ ಚಿತ್ರಗಳ ನಟರನ್ನೂ ವೇಷಕಾರರನ್ನೂ ಬಾಲಕರಿಗೆ ಪರಿಚಯಿಸಿತು. 1970ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಕೆಲವು ನೂರು ಜನರಿಂದ ಮೊದಲಾದ ಕಾಮಿಕ್ ಸಮ್ಮೇಳನಕ್ಕೆ ಇಂದು ಲಕ್ಷಕ್ಕೂ ಮಿಕ್ಕಿ ಜನರು ಸೇರುವರು. ಇವರ ಕಲಾಪವು ಪಾಠಾಂತರಗಳ ಚರ್ಚೆ, ಕರ್ತೃನಿರ್ಣಯ, ಕಾಲನಿರ್ಣಯ, ಲುಪ್ತಭಾಗಗಳ ಅನ್ವೇಷಣೆ. ಓಲೆಗರಿ ಹಿಡಿದ ಪಂಡಿತರ ಕಲಾಪವೂ ಇದೇ ತಾನೇ? ಡ್ರಾಕುಲಾ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದುದಕ್ಕಾಗಿ 1922ರ ‘ನೊಸ್ಫೆರಾಟು’ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ಜರ್ಮನಿಯ ನ್ಯಾಯಾಲಯವು ಆಜ್ಞಾಪಿಸಿತ್ತು. ಅಳಿಯದುಳಿದ ಪ್ರತಿಗಳಿಂದ ಇಂದು ಅದು ಲೋಕಮಾನ್ಯ ಕೃತಿಯಾಗಿದೆ. ವಿಶೇಷವೇನೆಂದರೆ, ವರ್ಥಮನೇ 1973ರಲ್ಲಿ ರಸಿಕರ ಕಿರುಪತ್ರಿಕೆಗಳನ್ನು ಕುರಿತು ಮೆಚ್ಚಿಕೆಯ ಗ್ರಂಥವೊಂದನ್ನು ಬರೆದನು.

ಈ ಪ್ರಭೇದದ ಕೃತಿಗಳೆಲ್ಲವೂ ಸ್ತುತ್ಯವೆಂದು ಹೇಳುವುದು ಸಾಹಸ. ಅನೇಕವು ರಕ್ತ ಕರುಳುಗಳ ಪ್ರದರ್ಶನದಿಂದ ಕ್ಷೋಭೆಯನ್ನುಂಟುಮಾಡಿ ಅಲ್ಲಿಯೇ ನಿಲ್ಲುವುವು. ಅಂತಹವುಗಳಲ್ಲಿ ವಿಭಾವವಿದೆ, ರಸವಿಲ್ಲ. ಸಂಗ್ರಹದ ಹುಚ್ಚು ಆಸ್ವಾದವನ್ನು ನುಂಗುವುದೂ ಉಂಟು. ಆದರೆ ಈ ವಿವೇಚನೆಯನ್ನು ಕೃತಿಯನ್ನು ನೋಡಿ ಮಾಡಬೇಕೇ ಹೊರತು ಪ್ರಭೇದದ ಹೆಸರನ್ನು ಕೇಳಿ ಮಾಡತಕ್ಕದ್ದಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯು ಚಂಡಮಾರಿಯ ಗುಡಿಯ ಘೋರದೃಶ್ಯದಿಂದಲೇ ಆರಂಭವಾಗುವುದು. ಬಲಿಗಾಗಿ ತಂದ ಅಭಯರುಚಿ ಅಭಯಮತಿಯರು ಆ ಭಯದ ನಡುವೆ ನಿರ್ಭೀತರಾಗಿ ನಿಂತು ಕಥೆಯನ್ನು ಹೇಳಿ ಮಾರಿದತ್ತನ ಮನಸ್ಸನ್ನು ತಿರುಗಿಸುವರು. ಗುಡಿಯ ಘೋರತೆಯನ್ನು ತೆಗೆದುಹಾಕಿದರೆ ಅವರ ಅಭಯಕ್ಕೆ ಬೆಲೆಯೇ ಉಳಿಯದು. ಈ ಕಾವ್ಯವನ್ನು ತರಗತಿಯಲ್ಲಿ ಆದರದಿಂದ ಬೋಧಿಸುವ ಉಪಾಧ್ಯಾಯನು, ವಿದ್ಯಾರ್ಥಿಯ ಕೈಯ ಭಯಾನಕಪುಸ್ತಕವನ್ನು ತೆರೆದೂ ನೋಡದೆ ಕಸಿದುಕೊಳ್ಳುವುದಾದರೆ, ತಾನು ಬೋಧಿಸುವ ಲಕ್ಷಣವನ್ನು ತಾನೇ ಲಕ್ಷ್ಯಕ್ಕೆ ಅನ್ವಯಿಸಲಿಲ್ಲವೆಂದು ಹೇಳಬೇಕಾಗುವುದು. ಭಯಾನಕರಸದ ವಿಚಾರದಲ್ಲಿ ನಮ್ಮ ಲಾಕ್ಷಣಿಕರು ಸಂಕ್ಷೇಪವಾಗಿ ಬಿಟ್ಟ ಭಾಗವನ್ನು ವಿಸ್ತರಿಸಲು ಈ ಹೊಸ ಲಕ್ಷ್ಯಗಳು ಸಾಮಗ್ರಿಯನ್ನು ಒದಗಿಸಿವೆ. ವಿದ್ವಾಂಸರು ಅವುಗಳನ್ನು ಪರಿಶೀಲಿಸುವುದು ಯುಕ್ತ.