ಯಂತ್ರಶೋಧನೆಯೂ ಅನುಪಲಬ್ಧಿಯೂ

ಗ್ರಂಥಗಳ ಕಾಲವನ್ನು ನಿರ್ಣಯಿಸುವಲ್ಲಿಯೂ ಪದ್ಯಗಳು ಪ್ರಕ್ಷಿಪ್ತವೇ ಅಲ್ಲವೇ ಎಂದು ವಿಚಾರಿಸುವಲ್ಲಿಯೂ ಈಚಿನ ವಿದ್ವಾಂಸರು ಹೊಸತೊಂದು ಸಾಧನವನ್ನು ಅವಲಂಬಿಸತೊಡಗಿದ್ದಾರೆ. ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟ ಪಾಠಕೋಶಗಳಲ್ಲಿ ಒಂದು ಶಬ್ದವನ್ನು ಹುಡುಕಿ, ಅದು ದೊರೆತ ಸ್ಥಳಗಳನ್ನು ಎಣಿಸಿ, ಅದರಿಂದ ಸಿದ್ಧಾಂತಕ್ಕೆ ಬರುವುದೇ ಆ ಮಾರ್ಗ. ದೊರೆತುದನ್ನು ಕುರಿತು ವಿವಾದವಿಲ್ಲ. ಮೂಲವನ್ನು ತೆರೆದು ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ವಿಚಾರಾರ್ಹವಾದುದು ದೊರೆಯದುದನ್ನು ಕುರಿತ ವಾದ. ಈ ಶಬ್ದವು 12ನೆಯ ಶತಮಾನಕ್ಕೆ ಹಿಂದೆ ಎಲ್ಲಿಯೂ ಕಾಣದು, ಆದಕಾರಣ ಈ ಪದ್ಯವು ಕವಿಯದಲ್ಲ ಎಂಬ ಬಗೆಯ ವಾದದಲ್ಲಿ ಹೇತುವಾಗಿ ನಿಂತಿರುವುದು ಯಂತ್ರದ ಮೌನವೊಂದೇ. ಆ ಮೌನಕ್ಕೆ ಪ್ರಾಮಾಣ್ಯವುಂಟೇ, ಉಂಟಾದರೆ ಎಷ್ಟರಮಟ್ಟಿಗೆ, ಎಂಬುದೇ ಪ್ರಕೃತ ವಿಷಯ.

ಕಾಣದಿರುವುದರಿಂದ ಇಲ್ಲದಿರುವುದನ್ನು ನಿಶ್ಚಯಿಸುವ ಕ್ರಮವನ್ನು ನಮ್ಮ ಶಾಸ್ತ್ರಕಾರರು ಬಹುಕಾಲದ ಹಿಂದೆಯೇ ವಿಮರ್ಶಿಸಿದ್ದಾರೆ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುವರು; ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಎಣಿಸುವರು; ಬೌದ್ಧನಾದ ಧರ್ಮಕೀರ್ತಿಯು ಅದನ್ನು ಅನುಮಾನದಲ್ಲಿ ಸೇರಿಸುವನು. ಮತಗಳು ಹೀಗೆ ಬೇರೆಬೇರೆಯಾದರೂ ಒಂದು ನಿಯಮದಲ್ಲಿ ಇವರೆಲ್ಲರೂ ಏಕಾಭಿಪ್ರಾಯರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುತ್ತದೆ. ಬೆಳಕುಳ್ಳ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧಿಸಲಿಲ್ಲ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಹೀಗಿರಲು, ಪಾಠಕೋಶವು ಬೆಳಕುಳ್ಳ ನೆಲವೋ ಕತ್ತಲೆಯ ಕೋಣೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಈ ಮಾರ್ಗದ ಮೊದಲಿಗರು ಇದನ್ನು ಅರಿಯದವರಾಗಿರಲಿಲ್ಲ. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ಟೊ ಬೂಸಾ ಎಂಬವರು 13ನೆಯ ಶತಮಾನದ ಥಾಮಸ್ ಅಕ್ವಿನಾಸನ ಗ್ರಂಥಗಳಲ್ಲಿ ಸಾನ್ನಿಧ್ಯವೆಂಬ ತತ್ತ್ವವನ್ನು ವಿಚಾರಿಸಹೊರಟಾಗ, ಆ ಅರ್ಥದ ನಾಮಪದಕ್ಕಿಂತಲೂ ನಮ್ಮ ಸಪ್ತಮೀವಿಭಕ್ತಿಗೆ ಸಮಾನವಾದ ಒಂದು ಚಿಕ್ಕ ಲ್ಯಾಟಿನ್ ಅವ್ಯಯದಲ್ಲಿಯೇ ವಿಷಯವು ಅಡಗಿರುವುದನ್ನು ಕಂಡರು. ಅದರ ಪ್ರಯೋಗಗಳನ್ನೆಲ್ಲ ಕೈಯಿಂದ ಕಲೆಹಾಕುವುದು ಎಷ್ಟು ಕಷ್ಟವೆಂದು ಅನುಭವಿಸಿ, 1949ರಲ್ಲಿ ಐಬಿಎಂ ಸಂಸ್ಥೆಯ ಸಹಾಯವನ್ನು ಬೇಡಿದರು. ಅದರ ಫಲವಾದ ಪದಸೂಚಿಯು 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಅಚ್ಚಾಯಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಪ್ರತಿಯೊಂದು ಪದರೂಪವನ್ನೂ ಅದರ ಪ್ರಕೃತಿಗೆ ಸೇರಿಸುವ ವ್ಯಾಕರಣಕಾರ್ಯಕ್ಕೆ ಲ್ಯಾಟಿನ್ ಬಲ್ಲವರ ದೀರ್ಘಶ್ರಮವು ಬೇಕಾಯಿತು. ಯಂತ್ರವು ಜೋಡಿಸಿತು, ದೀಪ ಹಚ್ಚಿದವರು ಪಂಡಿತರು.

ದೀಪವಿಲ್ಲದ ಕಡೆ ಏನಾಗುವುದೆಂಬುದಕ್ಕೆ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಎಂಬ ಅಮೆರಿಕದ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಪರೀಕ್ಷೆಯು ನಿದರ್ಶನ. ಒಂದು ದೊಡ್ಡ ವ್ಯಾಜ್ಯಕ್ಕೆ ಸಂಬಂಧಿಸಿದ ಸುಮಾರು 40,000 ಕಾಗದಪತ್ರಗಳನ್ನು ಪೂರ್ಣಪಾಠವಾಗಿ ಯಂತ್ರದಲ್ಲಿ ಇಡಲಾಗಿತ್ತು. ಉಪಯುಕ್ತವಾದ ಪತ್ರಗಳಲ್ಲಿ ಶೇಕಡ 75ರಷ್ಟಾದರೂ ತಮಗೆ ದೊರೆಯುತ್ತಿವೆಯೆಂದು ವಕೀಲರು ನಂಬಿದ್ದರು. ಪರೀಕ್ಷಿಸಿದಾಗ ದೊರೆತಿದ್ದುದು ಸರಾಸರಿ ಶೇಕಡ 20 ಮಾತ್ರವೆಂದು ತಿಳಿಯಿತು. ಕಾರಣವು ಸರಳ. ಅಪಘಾತವನ್ನು ಬರೆದವರೆಲ್ಲರೂ ಅಪಘಾತವೆಂದು ಬರೆದಿರಲಿಲ್ಲ. ಕೆಲವರು ಘಟನೆಯೆಂದೂ ಕೆಲವರು ಅಹಿತಕರ ಪರಿಸ್ಥಿತಿಯೆಂದೂ ಬರೆದಿದ್ದರು. ದೊರೆತ ಪತ್ರಗಳಲ್ಲಿ ಹೆಚ್ಚಿನವು ಪ್ರಸ್ತುತವಾಗಿಯೇ ಇದ್ದುದರಿಂದ ಉಳಿದವುಗಳ ಬಗ್ಗೆ ವಕೀಲರಿಗೆ ಸಂಶಯವೇ ಹುಟ್ಟಲಿಲ್ಲ. ಅಪಾಯವಿರುವುದು ಇಲ್ಲಿಯೇ. ತಪ್ಪಾಗಿ ಬಂದುದು ಕಣ್ಣಿಗೆ ಬೀಳುತ್ತದೆ; ಬಾರದೆ ಉಳಿದುದು ಬೀಳುವುದಿಲ್ಲ.

ಕನ್ನಡದ ಪಾಠಗಳಲ್ಲಿ ಕತ್ತಲೆಯು ಇದಕ್ಕಿಂತ ದಟ್ಟವಾದುದು. ಅಕ್ಷರಪಂಕ್ತಿಯನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಸಂಧಿಯ ಜ್ಞಾನವಿಲ್ಲ. ಪನಿ ಎಂದು ಹುಡುಕಿದವನಿಗೆ ಕಂಬನಿಯೂ, ತಾವರೆ ಎಂದು ಹುಡುಕಿದವನಿಗೆ ಬೆಟ್ಟದಾವರೆಯೂ, ಉದಯ ಎಂದು ಹುಡುಕಿದವನಿಗೆ ಸೂರ್ಯೋದಯವೂ ದೊರೆಯವು. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವವು ಸಾಮಾನ್ಯವಾದುದರಿಂದ ಧರ್ಮದ ಎಂದು ಕೇಳಿದರೆ ಧರ್ಮ್ಮದ ಎಂಬುದು ಹೊರಗುಳಿಯುತ್ತದೆ. ಪುಟದ ಛಾಯಾಚಿತ್ರದಿಂದ ಯಂತ್ರವೇ ಅಕ್ಷರಗಳನ್ನು ಓದಿಕೊಂಡ ಪಾಠವಾದರೆ, ಪಕಾರವು ವಕಾರವಾಗಿ ಕುಳಿತ ಪದವನ್ನು ಯಾವ ಪ್ರಶ್ನೆಯೂ ಮುಟ್ಟದು.

ಎಲ್ಲಕ್ಕಿಂತ ಹೆಚ್ಚಿನ ಹಾನಿ ೞಕಾರದ ವಿಷಯದಲ್ಲಿ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಭಟ, ಆೞ್ ಎಂದರೆ ಮುಳುಗು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಎತ್ತಿ ಹೇಳಿದುದು ಈ ಭೇದವು ಅಳಿಯಬಾರದೆಂದೇ. ಮೂಲದ ೞಕಾರವನ್ನು ಳಕಾರವಾಗಿಸಿ ಅಚ್ಚುಮಾಡಿದ ಪ್ರತಿಯು ಪಾಠಕೋಶಕ್ಕೆ ಸೇರಿದರೆ ಕತ್ತಿಯೂ ಬದುಕೂ ಒಂದೇ ಆಗುತ್ತವೆ. ೞಕಾರವನ್ನು ಹುಡುಕಿದವನಿಗೆ ಆ ಕವಿಯಲ್ಲಿ ೞಕಾರವೇ ಇಲ್ಲವೆಂದು ತೋರುತ್ತದೆ. ಅಂತಹ ತೋರಿಕೆಯಿಂದ ಪ್ರಾಚೀನಕವಿಯನ್ನು ಅರ್ವಾಚೀನನೆಂದು ಸಾಧಿಸುವುದು ಕಷ್ಟವಲ್ಲ. ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ಉಂಟು. ಆದರೆ ಅದರ ಹೆಸರು ಫಕಾರವೆಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರು ಹಾಗೆಯೇ ಉಳಿದಿದೆ.

ಚಿತ್ರಕೋಶಗಳ ಸ್ಥಿತಿಯೂ ಇದಕ್ಕೆ ಹೊರತಲ್ಲ. ಬಣ್ಣ, ಆಕೃತಿ, ಮೇಲ್ಮೈ ಇವುಗಳ ಸಾದೃಶ್ಯದಿಂದ ಚಿತ್ರವನ್ನು ಹುಡುಕುವ ಯಂತ್ರಗಳು 1990ರ ದಶಕದಿಂದ ಬಳಕೆಗೆ ಬಂದಿವೆ. ವಿಷ್ಣುವಿನ ಚತುರ್ವಿಂಶತಿಮೂರ್ತಿಗಳನ್ನು ಉದಾಹರಣೆಯಾಗಿ ನೋಡಬಹುದು. ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕನ್ನು ನಾಲ್ಕು ಕೈಗಳಲ್ಲಿ ಇಡುವ ಕ್ರಮಗಳು 24. ಕೇಶವ ನಾರಾಯಣಾದಿ ನಾಮಭೇದವು ಈ ಕ್ರಮಭೇದದಿಂದಲೇ. ಆಕೃತಿಯನ್ನು ಮಾತ್ರ ನೋಡುವ ಯಂತ್ರಕ್ಕೆ ಇವು 24 ಅಲ್ಲ, ಒಂದೇ. ಛಾಯಾಚಿತ್ರವು ಎಡಬಲ ತಿರುಗಿ ಅಚ್ಚಾದರಂತೂ ಒಂದು ಮೂರ್ತಿಯು ಮತ್ತೊಂದೇ ಆಗಿಬಿಡುತ್ತದೆ. ಈ ಕ್ರಮವನ್ನು ಲಕ್ಷಣಗ್ರಂಥದಿಂದ ತಿಳಿದವನು ಪ್ರತಿಯೊಂದು ಚಿತ್ರಕ್ಕೂ ಹೆಸರು ಬರೆದಿಟ್ಟಿದ್ದರೆ ಮಾತ್ರ ಶೋಧನೆಗೆ ಯೋಗ್ಯತೆ ಬರುತ್ತದೆ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳಬಹುದು. ಓದುವ ಪಂಡಿತನೂ ಕಣ್ತಪ್ಪುವನಲ್ಲವೇ ಎಂಬುದು ಮೊದಲನೆಯದು. ನಿಜ, ಆದರೆ ಪದಸೂಚಿಯನ್ನು ಮಾಡಿದವನು ಯಾವ ಪ್ರತಿಯನ್ನು ಯಾವ ಕ್ರಮದಿಂದ ಓದಿದೆನೆಂದು ಪೀಠಿಕೆಯಲ್ಲಿ ಹೇಳುವನು, ಅವನ ದೋಷವನ್ನು ಹಿಡಿಯಬಹುದು. ಯಂತ್ರಶೋಧನೆಯ ಲೇಖನಗಳಲ್ಲಿ ಅಂತಹ ಪೀಠಿಕೆಯು ವಿರಳ. ಅಕ್ಷರವನ್ನಲ್ಲದೆ ಅರ್ಥಸಾಮೀಪ್ಯವನ್ನು ಹಿಡಿದು ಹುಡುಕುವ ಹೊಸ ಯಂತ್ರಗಳು ಈಗ ಬಂದಿವೆಯಲ್ಲವೇ ಎಂಬುದು ಎರಡನೆಯದು. ಅವುಗಳಿಂದ ಅಪಘಾತವೆಂದವನಿಗೆ ದುರ್ಘಟನೆಯೂ ದೊರೆಯುವುದು ಲಾಭವೇ. ಆದರೆ ಅವು ಸಾಮೀಪ್ಯದ ತಾರತಮ್ಯದಿಂದ ಕೆಲವನ್ನು ಮುಂದಿಟ್ಟು ಉಳಿದುದನ್ನು ಹಿಂದಿಡುತ್ತವೆಯೇ ಹೊರತು ಇಲ್ಲವೆಂದು ಹೇಳುವುದೇ ಇಲ್ಲ. ಅಭಾವವನ್ನು ಸಾಧಿಸಹೊರಟವನಿಗೆ ಅವು ಮೊದಲಿನವುಗಳಿಗಿಂತಲೂ ದುರ್ಬಲವಾದ ಸಾಕ್ಷಿಗಳು.

ಇಷ್ಟರಿಂದ ಯಂತ್ರಶೋಧನೆಯು ತ್ಯಾಜ್ಯವೆಂದು ತಾತ್ಪರ್ಯವಲ್ಲ. ಒಂದು ಜನ್ಮದಲ್ಲಿ ಓದಲಾಗದಷ್ಟು ಪಾಠವನ್ನು ಕ್ಷಣದಲ್ಲಿ ಜಾಲಿಸುವ ಉಪಕರಣವನ್ನು ಬಿಡುವುದು ವಿವೇಕವಲ್ಲ. ಅದರ ಮೌನವನ್ನು ಹೇತುವಾಗಿ ಒಡ್ಡುವವನು ತನ್ನ ಹೇತುವನ್ನು ಮೊದಲು ಶೋಧಿಸಬೇಕೆಂಬುದಷ್ಟೇ ಸಿದ್ಧಾಂತ. ಯಾವ ಕೋಶ, ಯಾವ ಮುದ್ರಣದ ಪಾಠ, ಯಾವ ಯಾವ ರೂಪಗಳಲ್ಲಿ ಹುಡುಕಿದುದು, ಎಂದು ಹುಡುಕಿದುದು ಎಂಬ ನಾಲ್ಕನ್ನು ಲೇಖನದಲ್ಲಿ ಹೇಳಬೇಕು. ಅಲ್ಲದೆ, ಆ ಗ್ರಂಥದಲ್ಲಿ ಉಂಟೆಂದು ಓದಿನಿಂದ ನಿಶ್ಚಿತವಾದ ಹತ್ತಾರು ಶಬ್ದಗಳನ್ನು ಅದೇ ಕ್ರಮದಿಂದ ಹುಡುಕಿ ನೋಡಬೇಕು. ಅವನ್ನು ತೋರಿಸಲಾರದ ಯಂತ್ರವು ಮತ್ತೊಂದನ್ನು ತೋರಿಸಲಿಲ್ಲವೆಂಬುದು ಯಾವುದಕ್ಕೂ ಪ್ರಮಾಣವಾಗದು. ಈ ಪರೀಕ್ಷೆಯನ್ನು ಮಾಡಬಲ್ಲವನು ಗ್ರಂಥವನ್ನು ಓದಿದವನು ಮಾತ್ರ. ಓದದವನಿಗೆ ಕೋಣೆಯಲ್ಲಿ ದೀಪವಿದೆಯೇ ಇಲ್ಲವೇ ಎಂಬುದೂ ತಿಳಿಯದು. ವಿದ್ಯಾರ್ಥಿಗಳ ಕೈಗೆ ಯಂತ್ರವನ್ನು ಕೊಡುವ ಅಧ್ಯಾಪಕರು ಗ್ರಂಥವನ್ನೂ ಅದರ ಜೊತೆಗೆ ಕೊಡಬೇಕಾದುದು ಇದಕ್ಕಾಗಿಯೇ.