ವೇದಿಕೆಗೆ ಹೆಸರು, ಕುರ್ಚಿಗೆ ಯಾರು?

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪ್ರಧಾನ ವೇದಿಕೆಗೆ ಕನಕ, ಷರೀಫ, ಸರ್ವಜ್ಞರ ಹೆಸರಿಟ್ಟಿದ್ದರು. ವರದಾ ದಂಡೆಯ ಕರ್ಜಗಿ ಕಡೆಯ ನಮ್ಮಂಥವರಿಗೆ ಇದು ಹೆಮ್ಮೆಯ ಮಾತೇ. ಮೂವರೂ ಈ ಜಿಲ್ಲೆಯ ಮಣ್ಣಿನವರು. ಆದರೆ ಅದೇ ಹೊತ್ತಿಗೆ ಇನ್ನೊಂದು ಮಾತೂ ಎದ್ದಿತ್ತು. ಇಂದು ಬರೆಯುತ್ತಿರುವ ಮುಸ್ಲಿಂ ಲೇಖಕರಿಗೆ ಗೋಷ್ಠಿಗಳಲ್ಲಿ ಸಲ್ಲಬೇಕಾದ ಸ್ಥಾನ ಸಿಕ್ಕಿಲ್ಲ ಎಂಬ ಆಕ್ಷೇಪ ಅದು. ಸಾಹಿತ್ಯ ಪರಿಷತ್ತು ಆರೋಪವನ್ನು ಒಪ್ಪಲಿಲ್ಲ. ಆಕ್ಷೇಪಿಸಿದವರು ಸುಮ್ಮನಾಗಲೂ ಇಲ್ಲ. ಹಾವೇರಿಯಲ್ಲಿ ಸಮಾರೋಪ ನಡೆದ 8ರಂದೇ ಬೆಂಗಳೂರಿನಲ್ಲಿ 'ಜನ ಸಾಹಿತ್ಯ ಸಮ್ಮೇಳನ' ಸೇರಿತು.

ಇದನ್ನು ಆಮಂತ್ರಣ ಪತ್ರಿಕೆಯ ಜಗಳವೆಂದು ಮರೆತುಬಿಡುವುದು ಸುಲಭ. ಆದರೆ ಇದಕ್ಕೊಂದು ಹಳೆಯ ಚರಿತ್ರೆಯಿದೆ. 1979ರಲ್ಲಿ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ಧರ್ಮಸ್ಥಳದ ಸಮ್ಮೇಳನ ನಡೆದಾಗ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಬೇಡಿಕೆ ಬಂದಿತ್ತು. ಸಾಹಿತ್ಯದಲ್ಲಿ ಅಂಥ ವಿಂಗಡಣೆ ಸಲ್ಲದು ಎಂಬ ವಾದದಲ್ಲಿ ಅದು ತಿರಸ್ಕೃತವಾಯಿತು. ಅದಕ್ಕೆ ಉತ್ತರವಾಗಿ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಲೇಖಕರು ಬೇರೆಯಾಗಿ ಸೇರಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹೀಗೆ. ಅದಕ್ಕೂ ಆರು ವರ್ಷ ಮೊದಲು, 1973ರಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದಕ್ಕೆ ಸಚಿವ ಬಿ. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಗಿ ಬಂದಿತ್ತು. ಆ ಗಲಾಟೆಯ ಬಿಸಿಯಲ್ಲೇ ದಲಿತ ಯುವಕರು ಒಗ್ಗೂಡಿದರು, ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ಈ ಚಳವಳಿಗಳನ್ನು ಅಮೆರಿಕದ ಕಪ್ಪು ಜನರ ಹೋರಾಟದೊಂದಿಗೆ ಹೋಲಿಸುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿದೆ. ಹೋಲಿಕೆ ಸುಳ್ಳಲ್ಲ. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತೆಗೆದುಕೊಂಡರು. ಆದರೆ ಹೋಲಿಸುವಾಗ ನಾವು ಅಲ್ಲಿನ ಘೋಷಣೆಗಳನ್ನು ನೋಡಿದಷ್ಟು ಅಲ್ಲಿನ ವೇದಿಕೆಗಳನ್ನು ನೋಡಿಲ್ಲ.

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಮಾರ್ಟಿನ್ ಲೂಥರ್ ಕಿಂಗ್‌ರ ಪ್ರಸಿದ್ಧ ಭಾಷಣ ನಡೆದದ್ದು ಅಂದೇ. ಅಂದಿನ ಪ್ರಮುಖ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಸಂಘಟನಾ ಸಮಿತಿಯ ಏಕೈಕ ಮಹಿಳೆ ಅನ್ನಾ ಆರ್ನಾಲ್ಡ್ ಹೆಡ್ಜ್‌ಮನ್ ಮೊದಲೇ ಪ್ರತಿಭಟಿಸಿದ್ದರು. ಕಡೆಗೆ ಡೇಸಿ ಬೇಟ್ಸ್ ಕೆಲವೇ ಮಾತಾಡಿದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ಮಾಂಟ್ಗೊಮರಿ ಚಳವಳಿಗೆ ಕಾರಣರಾದ ರೋಸಾ ಪಾರ್ಕ್ಸ್‌ರನ್ನು ಜನರಿಗೆ ಪರಿಚಯಿಸಿದರೇ ಹೊರತು ಭಾಷಣಕ್ಕೆ ಕರೆಯಲಿಲ್ಲ. ಮಹೇಲಿಯಾ ಜಾಕ್ಸನ್ ಹಾಡಿದರು. ಅಂದರೆ ಹೆಣ್ಣು ಹಾಡಬಹುದಿತ್ತು, ನಿಂತು ನಮಸ್ಕಾರ ಸ್ವೀಕರಿಸಬಹುದಿತ್ತು, ಚಳವಳಿಯ ದಾರಿ ಯಾವುದೆಂದು ಹೇಳುವಂತಿರಲಿಲ್ಲ.

ಮರುವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಮಿಸಿಸಿಪ್ಪಿಯ ಬಿಳಿಯರ ನಿಯೋಗ ಕಪ್ಪು ಜನರನ್ನು ಹೊರಗಿಟ್ಟು ಆಯ್ಕೆಯಾದದ್ದು, ಆದ್ದರಿಂದ ನಾವೇ ನಿಜವಾದ ಪ್ರತಿನಿಧಿಗಳು ಎಂದು ಗೇಣಿ ರೈತರ ಮನೆಯಲ್ಲಿ ಹುಟ್ಟಿದ ಫ್ಯಾನಿ ಲೂ ಹೇಮರ್ ಮತ್ತು ಸಂಗಡಿಗರು ವಾದಿಸಿದರು. ಪಕ್ಷ ಎರಡು ಸ್ಥಾನ ಕೊಡುತ್ತೇನೆಂದಿತು. ಅವರು ಬೇಡವೆಂದು ಹಿಂದಿರುಗಿದರು. ಬಾಯಿ ಮುಚ್ಚಿಸಲು ಕೊಡುವ ಕುರ್ಚಿಗೂ ಹಕ್ಕಾಗಿ ಬರುವ ಕುರ್ಚಿಗೂ ಇರುವ ಅಂತರ ಆ ಹೆಣ್ಣುಮಗಳಿಗೆ ಗೊತ್ತಿತ್ತು.

ಈ ಬೆಳಕಿನಲ್ಲಿ ನಮ್ಮ ಜಿಲ್ಲೆಯವರೇ ಆದ ಚಂದ್ರಶೇಖರ ಪಾಟೀಲರನ್ನು ಮತ್ತೆ ಓದಬೇಕು. ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಚಂಪಾ ನವ್ಯದ ದಾರಿಯಲ್ಲಿ ಬರವಣಿಗೆ ಶುರುಮಾಡಿದವರು. 'ಕೊಡೆಗಳು' ಅಸಂಗತ ನಾಟಕ. ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿಯವರೊಡನೆ 1964ರಲ್ಲಿ 'ಸಂಕ್ರಮಣ' ಪತ್ರಿಕೆ ಆರಂಭಿಸಿದರು. ತುರ್ತುಪರಿಸ್ಥಿತಿ ಅವರನ್ನು ಸೆರೆಮನೆಗೂ ಕಳಿಸಿತು, ಬರವಣಿಗೆಯನ್ನೂ ಬೀದಿಗೆ ತಂದಿತು. 'ಜಗದಂಬೆಯ ಬೀದಿನಾಟಕ'ದ ಹೆಸರೇ ಅದನ್ನು ಹೇಳುತ್ತದೆ. ಅಧಿಕಾರದಲ್ಲಿದ್ದವರನ್ನು ಊರ ಕಟ್ಟೆಯ ಮೇಲೆ ಕೂಡಿಸಿ ಪ್ರಶ್ನೆ ಕೇಳುವ ಧಾಟಿ ಅವರದು. ಆಡುಮಾತಿನ ವ್ಯಂಗ್ಯವನ್ನು ರಾಜಕೀಯ ಆಯುಧವಾಗಿಸಿದ್ದು ಅವರ ದೊಡ್ಡ ಸಾಧನೆ.

ಆದರೆ ಆ ವ್ಯಂಗ್ಯಕ್ಕೆ ಕಣ್ಣಿಗೆ ಕಾಣುವ ಎದುರಾಳಿ ಬೇಕು. ದಿಲ್ಲಿ, ವಿಧಾನಸೌಧ, ಅಧಿಕಾರದ ಗದ್ದುಗೆಗಳು ಅದಕ್ಕೆ ಚೆನ್ನಾಗಿ ಸಿಗುತ್ತವೆ. ಮನೆಯೊಳಗೆ, ಜಮಾಅತಿನೊಳಗೆ, ಅಡುಗೆಮನೆಯ ಬಾಗಿಲಲ್ಲಿ ನಡೆಯುವ ಅಧಿಕಾರ ಅಷ್ಟು ಸುಲಭವಾಗಿ ನಗೆಗೆ ಸಿಗುವುದಿಲ್ಲ. ಬಂಡಾಯದ ಬಹಳಷ್ಟು ಬರಹದ ಮಿತಿಯೂ ಇದೇ ಎಂದು ನಮಗೆ ತೋರುತ್ತದೆ. ಶತ್ರು ಯಾವಾಗಲೂ ಹೊರಗಿದ್ದಾನೆ.

ಈ ಮಿತಿಯನ್ನು ದಾಟಿದವರಲ್ಲಿ ಮುಸ್ಲಿಂ ಲೇಖಕಿಯರು ಮುಂದಿದ್ದಾರೆ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಮುಸ್ಲಿಂ ಬದುಕನ್ನು ಕನ್ನಡ ಕತೆಯ ನಡುಮನೆಗೆ ತಂದರು. ಸಾರಾ ಅಬೂಬಕ್ಕರ್ ಇನ್ನೂ ಒಳಗೆ ಹೋದರು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ನೀರಿಗೆ ದೂಡುವುದು ಯಾವ ಸರ್ಕಾರವೂ ಅಲ್ಲ. ತಂದೆಯ ಹಟ ಮತ್ತು ತಲಾಖಿನ ದುರುಪಯೋಗ. ಬಾನು ಮುಷ್ತಾಕರ 'ಕರಿ ನಾಗರಗಳು' ಕತೆಯ ಹೆಣ್ಣು ನ್ಯಾಯ ಕೇಳುವುದು ಮಸೀದಿಯ ಮುತವಲ್ಲಿಯ ಬಳಿ. ಇದೇ ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ತೆಗೆದರು. ಈ ಇಬ್ಬರಲ್ಲೂ ಘೋಷಣೆ ಕಡಿಮೆ, ಬಂಡಾಯ ಹೆಚ್ಚು.

ಇಲ್ಲಿ ನಾವು ಪರಿಷತ್ತಿಗೆ ಮಾತ್ರ ಬೆರಳು ತೋರಿಸಿ ಪಾರಾಗುವಂತಿಲ್ಲ. ಮಹಿಳೆಯರಿಗೂ ಮಸೀದಿ ಪ್ರವೇಶ ಬೇಕೆಂದದ್ದಕ್ಕೆ ಬಾನು ಮುಷ್ತಾಕ್ 2000ದಲ್ಲಿ ಎದುರಿಸಿದ ಸಾಮಾಜಿಕ ಬಹಿಷ್ಕಾರ ನಮ್ಮ ಸಮುದಾಯದ ಒಳಗಿನಿಂದಲೇ ಬಂತು. ಹೊರಗಿನವರು ನಮಗೆ ಕುರ್ಚಿ ಕೊಡಲಿಲ್ಲವೆಂದು ಕೇಳುವ ನಾವು, ನಮ್ಮ ಹೆಣ್ಣುಮಕ್ಕಳಿಗೆ ನಮ್ಮ ಸಭೆಗಳಲ್ಲಿ ಎಷ್ಟು ಕುರ್ಚಿ ಹಾಕಿದ್ದೇವೆ? ಎರಡೂ ಒಂದೇ ಪ್ರಶ್ನೆಯ ಎರಡು ಮುಖ. ಒಂದನ್ನು ಕೇಳಿ ಇನ್ನೊಂದನ್ನು ಬಿಡುವುದು ಅರ್ಧ ನ್ಯಾಯ.

2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರ್ 22ರಂದು ಅವರು ಮೈಸೂರು ದಸರಾ ಉದ್ಘಾಟಿಸಿದರು. ಅದಕ್ಕೆ ಮೊದಲು ವಿರೋಧ ಎದ್ದಾಗ ಅಗೆದು ತೆಗೆದದ್ದು 2023ರ ಜನ ಸಾಹಿತ್ಯ ಸಮ್ಮೇಳನದಲ್ಲಿ ಅವರು ಆಡಿದ ಮಾತುಗಳನ್ನು. ವಿಷಯ ನ್ಯಾಯಾಲಯಕ್ಕೆ ಹೋಯಿತು; ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಆಕ್ಷೇಪವನ್ನು ತಳ್ಳಿಹಾಕಿದವು. ಜಗತ್ತಿನ ಪ್ರಶಸ್ತಿ ತಂದ ಲೇಖಕಿಯೂ ತನ್ನ ನಾಡಿನ ವೇದಿಕೆ ಏರಲು ಕೋರ್ಟಿನ ಮಾತಿಗೆ ಕಾಯಬೇಕಾಯಿತು.

ಷರೀಫರ ಪದಗಳನ್ನು ಎಲ್ಲ ವೇದಿಕೆಗಳಲ್ಲೂ ಹಾಡುತ್ತಾರೆ. ಹಾಡಲಿ. ಅವರು 1889ರಲ್ಲೇ ತೀರಿಕೊಂಡವರು. ಅವರಿಂದ ಇನ್ನು ಯಾರಿಗೂ ಅಡಚಣೆಯಿಲ್ಲ. ಅಡಚಣೆಯಿರುವುದು ಇಂದು ಬದುಕಿದ್ದು, ಎದ್ದುನಿಂತು ಪ್ರಶ್ನೆ ಕೇಳುವವರಿಂದ. ಒಂದು ಭಾಷೆ ಎಷ್ಟು ಉದಾರ ಎಂಬುದನ್ನು ಅದರ ವೇದಿಕೆಗಿಟ್ಟ ಹೆಸರಿನಿಂದ ಅಳೆಯಲಾಗದು. ಆ ವೇದಿಕೆಯ ಮೇಲೆ ಯಾರು ಮಾತಾಡಿದರು, ಅವರ ಮಾತನ್ನು ಎಷ್ಟು ಮಂದಿ ಕೊನೆತನಕ ಕುಳಿತು ಕೇಳಿದರು ಎಂಬುದೇ ಅದರ ಅಳತೆ. ಪರಿಷತ್ತಿಗೂ ನಮ್ಮ ಜಮಾಅತುಗಳಿಗೂ ಈ ಅಳತೆ ಒಂದೇ.