ಕತ್ತರಿ ಹಾಕದ ಸೀರೆ

ಕೊಡವ ಹೆಂಗಸರು ಸೀರೆ ಉಡುವ ರೀತಿಯನ್ನು ನೀವು ನೋಡಿರುತ್ತೀರಿ. ನೆರಿಗೆ ಹಿಂದಕ್ಕೆ, ಸೆರಗಿನ ತುದಿ ಬಲ ಹೆಗಲ ಮೇಲೆ. ಹೊರಗಿನಿಂದ ಬಂದವರು ಇದು ಬೇರೆಯೇ ಉಡುಪು ಎಂದುಕೊಳ್ಳುವುದುಂಟು. ಆದರೆ ಸೀರೆ ಮಾತ್ರ ನೀವು ಮೈಸೂರಿನ ಅಂಗಡಿಯಲ್ಲಿ ಕೊಳ್ಳುವಂಥದ್ದೇ. ಅದಕ್ಕೆ ಯಾರೂ ಕತ್ತರಿ ಹಾಕಿರುವುದಿಲ್ಲ. ಬಿಚ್ಚಿ ಮಡಿಸಿಟ್ಟರೆ ನಾಳೆ ಯಾರು ಬೇಕಾದರೂ ತಮ್ಮ ರೀತಿಯಲ್ಲಿ ಉಡಬಹುದು. ಮನೆಯ ಇಂಟರ್ನೆಟ್ ಡಬ್ಬಿಯ ಬಗ್ಗೆ ಓದುವಾಗಲೆಲ್ಲ ನನಗೆ ಈ ಸೀರೆಯೇ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ರೂಟರ್ ಎಂಬ ಆ ಡಬ್ಬಿಯೊಳಗೆ ಒಂದು ಪ್ರೋಗ್ರಾಮ್ ಇರುತ್ತದೆ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಲಿಂಕ್‌ಸಿಸ್ ಕಂಪನಿ 2002ರಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿರುವುದು ಎಲ್ಲರಿಗೂ ಸೇರಿದ ಲಿನಕ್ಸ್ ಎಂದು ಬಲ್ಲವರು ಪತ್ತೆ ಹಚ್ಚಿ ಒತ್ತಾಯಿಸಿದ ಮೇಲೆ 2003ರಲ್ಲಿ ಕಂಪನಿ ಮೂಲವನ್ನು ಬಿಟ್ಟುಕೊಡಬೇಕಾಯಿತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಇಂದು ಯಾರು ಬೇಕಾದರೂ ಅದನ್ನು ಪಡೆದು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಮೂಲವನ್ನು ಅವರು ಅಪ್‌ಸ್ಟ್ರೀಮ್ ಎನ್ನುತ್ತಾರೆ, ಹೊಳೆಯ ಮೇಲ್ಭಾಗ ಎಂಬ ಅರ್ಥದಲ್ಲಿ. ತಲಕಾವೇರಿಯ ಜಿಲ್ಲೆಯವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬದಲಿಸಿಕೊಳ್ಳುವ ಸ್ವಾತಂತ್ರ್ಯವೇನೋ ಸಿಕ್ಕಿತು. ಹೇಗೆ ಬದಲಿಸಬೇಕೆಂಬ ವಿವೇಕ ಅದರ ಜೊತೆಗೇ ಬರುವುದಿಲ್ಲ. ನಾನು ಪಾಠ ಹೇಳಿದ ಶಾಲೆಯೊಂದರಲ್ಲಿ ಉತ್ಸಾಹಿ ಹುಡುಗನೊಬ್ಬ ಇಂಥ ರೂಟರ್ ಕೂರಿಸಿಕೊಟ್ಟ. ಸಂಜೆ ನಾಲ್ಕೂವರೆಗೆ ತಾನೇ ನಿಲ್ಲುತ್ತಿತ್ತು, ತೆರೆದರೆ ಕನ್ನಡದ ಪುಟ ಬರುತ್ತಿತ್ತು. ಎಲ್ಲರೂ ಹೊಗಳಿದರು. ಇದನ್ನೆಲ್ಲ ಅವನು ಮೂಲ ಪ್ರೋಗ್ರಾಮಿನ ಒಳಗೇ ಅಲ್ಲಲ್ಲಿ ತಿದ್ದಿ ಮಾಡಿದ್ದ. ಮುಂದೆ ಬೆಂಗಳೂರಿಗೆ ಹೊರಟುಹೋದ. ಭದ್ರತೆಯ ದೋಷ ಸರಿಪಡಿಸಿದ ಹೊಸ ಆವೃತ್ತಿ ಬಂದಾಗ, ನೋಡಲು ಬಂದವರು ಹೇಳಿದ್ದು ಒಂದೇ ಮಾತು: “ಹಾಕಿದರೆ ನಿಮ್ಮದೆಲ್ಲ ಅಳಿಸಿಹೋಗುತ್ತೆ ಟೀಚರ್.” ಹಾಗಾಗಿ ಯಾರೂ ಹಾಕಲಿಲ್ಲ. ಮಕ್ಕಳು ಉಪಯೋಗಿಸುವ ಡಬ್ಬಿ, ಕಳ್ಳರಿಗೆ ಗೊತ್ತಿರುವ ಕಿಂಡಿಗಳನ್ನು ತೆರೆದುಕೊಂಡೇ ವರ್ಷಗಟ್ಟಲೆ ಕೂತಿತ್ತು. ಹುಡುಗನನ್ನಷ್ಟೇ ದೂರಿ ಫಲವಿಲ್ಲ. ಹಳೆಯ ಮೂಲವನ್ನು ತೆಗೆದುಕೊಂಡು, ಒಳಗೆಲ್ಲ ಕೊಯ್ದು ಹೊಲಿದು, ಆಮೇಲೆ ಹೊಸದರತ್ತ ತಿರುಗಿಯೂ ನೋಡದೆ ಡಬ್ಬಿ ಮಾರುವ ಕಂಪನಿಗಳೂ ಮಾಡುವುದು ಇದನ್ನೇ.

ಓಪನ್‌ಡಬ್ಲ್ಯುಆರ್‌ಟಿ ಕಟ್ಟಿದವರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ, ಅದನ್ನು ಮೆಚ್ಚಬೇಕು. ನಮ್ಮ ಹೊಂದಿಕೆಗಳು ಬೇರೆಯೇ ಒಂದು ಜಾಗದಲ್ಲಿರುತ್ತವೆ. ಹೊಸ ಆವೃತ್ತಿ ಹಾಕುವಾಗ ಅವನ್ನು ಉಳಿಸಿಕೊಳ್ಳಬಹುದು. ನಮ್ಮದೇ ಕಡತಗಳನ್ನು ಸೇರಿಸಬೇಕೆಂದರೆ ಅದಕ್ಕೂ ಪ್ರತ್ಯೇಕ ಫೋಲ್ಡರ್ ಉಂಟು. ಮೂಲವನ್ನೇ ಮುಟ್ಟದೆ ವಿಧಿಯಿಲ್ಲ ಎಂದಾಗ ಪ್ಯಾಚ್, ಅಂದರೆ ತೇಪೆ. ಇದನ್ನು ಬಟ್ಟೆಗೆ ಹೊಲಿದುಬಿಡುವುದಿಲ್ಲ. ಬೇರೆ ಇಟ್ಟುಕೊಂಡು, ಹೊಸ ಮೂಲ ಬಂದಾಗಲೆಲ್ಲ ಮೇಲೆ ಹಾಕಿ ನೋಡುತ್ತಾರೆ. ಕೂರದಿದ್ದರೆ ತೇಪೆಯನ್ನೇ ಸರಿಮಾಡುತ್ತಾರೆ. ತೇಪೆ ಕಡಿಮೆ ಇದ್ದಷ್ಟೂ ಕೆಲಸ ಹಗುರ ಎಂಬುದು ಯಾವ ಗೃಹಿಣಿಗೆ ಗೊತ್ತಿಲ್ಲ?

ಇದರ ಮೇಲೆ ಕಟ್ಟಿದ ಲಿಬ್ರೆಮೆಶ್ ನನಗೆ ಇನ್ನೂ ಹಿಡಿಸಿತು. ಊರವರು ತಮ್ಮತಮ್ಮ ರೂಟರುಗಳನ್ನು ಒಂದಕ್ಕೊಂದು ಹೆಣೆದು ತಾವೇ ಜಾಲ ಕಟ್ಟಿಕೊಳ್ಳಲು ಮಾಡಿದ ಫರ್ಮ್‌ವೇರ್ ಅದು. (ನಮ್ಮಲ್ಲೂ ಊರವರದೇ ಜಾಲಗಳಿವೆ, ತುಮಕೂರಿನ ದೇವರಾಯನದುರ್ಗದ ಕಡೆ ಜನಸ್ತು ಸಂಸ್ಥೆಯವರು ಕಟ್ಟಿದ ಕೌಮೆಶ್ ಅಂಥದ್ದು.) ಅದರಲ್ಲಿ ಮುಖ್ಯವಾಗಿ ಮೂರು ಕಡತ. ಲೈಮ್-ಡಿಫಾಲ್ಟ್ಸ್ ಮೂಲದಿಂದ ಬಂದದ್ದು, ಅದನ್ನು ಮುಟ್ಟುವ ಹಾಗಿಲ್ಲ. ಲೈಮ್-ಕಮ್ಯುನಿಟಿ ಇಡೀ ಊರಿಗೆ ಸೇರಿದ್ದು. ಲೈಮ್-ನೋಡ್ ಆ ಒಂದು ಡಬ್ಬಿಗೆ ಮಾತ್ರ. ಒಂದೇ ವಿಷಯಕ್ಕೆ ಮೂರೂ ಬೇರೆಬೇರೆ ಹೇಳಿದರೆ ಡಬ್ಬಿಯ ಮಾತೇ ನಡೆಯುತ್ತದೆ. ಅದು ಸುಮ್ಮನಿದ್ದಲ್ಲಿ ಊರಿನದು, ಊರೂ ಸುಮ್ಮನಿದ್ದಲ್ಲಿ ಮೂಲದ್ದು. ನಾಡು, ಊರು, ಒಕ್ಕ ಎಂದು ಕಟ್ಟಳೆಗಳನ್ನು ಬಲ್ಲ ನಮ್ಮ ಕಡೆಯ ಹಿರಿಯರಿಗೆ ಇದನ್ನು ಹೇಳಿದರೆ ತಲೆದೂಗಿಯಾರು.

ಕೊಡಗಿನಲ್ಲಿ ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎಷ್ಟು ಮನೆಯ ರೂಟರ್ ಸುಟ್ಟಿಲ್ಲ! ಹೊಂದಿಕೆಗಳ ಪ್ರತಿ ಬೇರೆ ಕಡೆ ಇದ್ದರೆ ಅದೇ ಮಾದರಿಯ ಹೊಸ ಡಬ್ಬಿಗೆ ತುಂಬಿ ಅವತ್ತೇ ಕೆಲಸ ಶುರು ಮಾಡಬಹುದು. ಒಳಗೇ ಕೆತ್ತಿದ್ದು ಡಬ್ಬಿಯ ಜೊತೆಗೇ ಹೋಗುತ್ತದೆ.

ಹಾಗೆಂದು ಎಲ್ಲವೂ ಸುಗಮವೆಂದು ನಾನು ಹೇಳಲಾರೆ. ಆವೃತ್ತಿ ಬದಲಿಸಿದಾಗ ಹೊಂದಿಕೆ ಉಳಿದರೂ, ನಾವು ಆಮೇಲೆ ಹಾಕಿಕೊಂಡ ಹೆಚ್ಚುವರಿ ಪ್ಯಾಕೇಜುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. 2021ರ 21.02 ಆವೃತ್ತಿಯಲ್ಲಿ ಹಲವು ರೂಟರುಗಳ ಒಳಗಿನ ಸ್ವಿಚ್ಚಿನ ವ್ಯವಸ್ಥೆಯನ್ನೇ ಬದಲಿಸಿದರು. ಅಂಥ ರೂಟರ್ ಇದ್ದವರು ನಿಯಮ ಪಾಲಿಸಿದ್ದರೂ ಹಳೆಯ ಹೊಂದಿಕೆ ಬಿಟ್ಟು ಹೊಸದಾಗಿ ಬರೆಯಬೇಕಾಯಿತು. ಮೇಲಿನವರು ಹೊಳೆ ತಿರುಗಿಸಿದರೆ ಕೆಳಗಿನ ಗದ್ದೆಯವರು ತೋಡು ಬದಲಿಸಲೇಬೇಕು. ಆ ಸಿಟ್ಟು ನ್ಯಾಯವಾದದ್ದೇ.

ಯಾವುದು ನಮ್ಮದು, ಯಾವುದು ಎಲ್ಲರದು ಎಂದು ವಿಂಗಡಿಸುವುದೂ ಸುಲಭವಲ್ಲ. ಶಾಲೆಯ ನಾಲ್ಕೂವರೆ ಗಂಟೆ ನಮ್ಮದು, ಅದು ಇಲ್ಲೇ ಇರಲಿ. ಕನ್ನಡದ ಅನುವಾದ ಹಾಗಲ್ಲ. ಮೂಲಕ್ಕೆ ಕಳಿಸಿದರೆ ಬೀದರಿನವರಿಗೂ ಸಿಕ್ಕುತ್ತದೆ, ಪ್ರತಿ ಸಲ ನಾವೇ ಹೊತ್ತು ತಿರುಗುವುದೂ ತಪ್ಪುತ್ತದೆ. ಏನನ್ನು, ಯಾವಾಗ, ಏಕೆ ಬದಲಿಸಿದೆವು ಎಂದು ಪ್ರತಿ ತಿದ್ದುಪಡಿಗೂ ಎರಡು ಸಾಲು ಬರೆದಿಡುವ ಪದ್ಧತಿ ಈ ಕೆಲಸದವರಲ್ಲಿದೆ. ನಮ್ಮ ಶಾಲೆಯ ಆ ಡಬ್ಬಿಯ ಜೊತೆ ಅಂಥ ಒಂದು ಚೀಟಿಯೂ ಇರಲಿಲ್ಲ.